ಗಂಗಕ್ಕನ ಮನೆ ನೆಲ ಮುಟ್ಟಿದ್ದು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕಲಿಯುವುದು ತಲೆ ತಗ್ಗಿಸಿ ನಡೆಯುವುದನ್ನು. ಭಯಭಕ್ತಿಯಿಂದಲ್ಲ, ಮನೆಗಳ ತಳ ಹಣೆಗೆ ಬಡಿಯಬಾರದೆಂದು. ಸಾಲ ತೀರಿದ ಮನೆ ನೆಲದ ಮೇಲೆ ಕೂತಿರುತ್ತದೆ, ಸಾಲ ಇರುವ ಮನೆ ನೆಲ ಬಿಟ್ಟು ನಿಂತಿರುತ್ತದೆ. ಮುತ್ತಜ್ಜಂದಿರ ಕಾಲದಿಂದ ಹೀಗೇ ನಡೆದುಬಂದಿದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಯಾರ ಮೇಲೆ ಎಷ್ಟು ಭಾರವಿದೆ ಎಂದು ತಿಳಿಯುವುದು ಹೇಗೋ, ಶಿವನೇ ಬಲ್ಲ.

ಗುಡ್ಡದ ಬುಡದಲ್ಲಿ ಒಂದು ಕಾರ್ಖಾನೆಯಿದೆ. ಮನೆಗಳು ಅಲ್ಲಿ ತಯಾರಾಗುತ್ತವೆ. ಹಲಗೆಯ ಗೋಡೆ, ತಗಡಿನ ಮಾಡು, ಕಿಟಕಿ, ದೇವರ ಜಗಲಿ, ಒಲೆಕಟ್ಟೆ ಎಲ್ಲವನ್ನೂ ಅಲ್ಲಿಯೇ ಕೂಡಿಸಿ, ಕೆಳಗೆ ನಾಲ್ಕು ಗಾಲಿ ಹಚ್ಚಿ, ಟ್ರ್ಯಾಕ್ಟರಿನಿಂದ ಎಳೆದು ತಂದು ನಮ್ಮ ಜಾಗದಲ್ಲಿ ನಿಲ್ಲಿಸುತ್ತಾರೆ. ಕೊಂಡಿ ಬಿಚ್ಚಿದ ಕೂಡಲೇ ಮನೆ ಆಳೆತ್ತರಕ್ಕೆ ಏಳುತ್ತದೆ. ಆಮೇಲೆ ಕಂತು ಕಟ್ಟಿದಂತೆಲ್ಲ ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ಕಂತು ತಪ್ಪಿದರೆ ಏರುತ್ತದೆ. ತಪ್ಪುತ್ತಲೇ ಹೋದರೆ ಬೇವಿನ ಮರದ ತಲೆ ದಾಟಿ, ಗಾಳಿಗೆ ಸಿಕ್ಕು, ತಾನು ಹುಟ್ಟಿದ ಕಾರ್ಖಾನೆಯ ಕಡೆಗೆ ಹೊರಟುಹೋಗುತ್ತದೆ. ಕೊನೆಯ ಕಂತು ಮುಟ್ಟುವ ತನಕ ಕಂತಿನ ಕಚೇರಿಯವರ ಕಣ್ಣಿಗೆ ಅದು ಮನೆಯಲ್ಲ, ಬಂಡಿ. ಅದಕ್ಕೇ ಹಿತ್ತಲ ಗೋಡೆಗೆ ನಂಬರಿನ ತಗಡು ಬಡಿದಿರುತ್ತಾರೆ. ಹೆಂಗಸರು ಅದರ ಮೇಲೆ ಮೊರ ತೂಗುಹಾಕಿ ಮುಚ್ಚುತ್ತಾರೆ.

ಎತ್ತರದ ಮನೆಯವರೂ ಉಂಡು ಉಟ್ಟು ಬಾಳುತ್ತಾರೆ. ಏಣಿ ಇಳಿಬಿಡುತ್ತಾರೆ, ಕೊಡಕ್ಕೆ ಹಗ್ಗ ಕಟ್ಟಿ ನೀರು ಸೇದಿಕೊಳ್ಳುತ್ತಾರೆ. ತರಕಾರಿಯವಳು ಬಿದಿರಿನ ಕೋಲಿಗೆ ಬುಟ್ಟಿ ಸಿಕ್ಕಿಸಿ ಕಿಟಕಿಗೆ ಎತ್ತುತ್ತಾಳೆ. ಮನೆಯ ತಳದ ನೆರಳಿನಲ್ಲಿ ಆಡುಗಳು ಮಲಗುತ್ತವೆ. ಆದರೆ ಯಾರೂ ಯಾರ ಮನೆಯ ಎತ್ತರದ ಮಾತು ಎತ್ತುವುದಿಲ್ಲ. ಅದು ನಮ್ಮೂರ ಮರ್ಯಾದೆ. ತೀರ ಚುಚ್ಚಬೇಕೆನಿಸಿದರೆ, ನಿಮ್ಮನಿಗೆ ಗಾಳಿ ಚಲೋ ಬರತೈತಿ ಬಿಡ್ರಿ, ಎನ್ನುತ್ತಾರೆ. ಕೇಳಿಸಿಕೊಂಡವರು ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ.

ಅಂಥ ಮನೆಗಳಲ್ಲಿ ಕೂಸುಗಳನ್ನು ಕಟ್ಟಿ ಬೆಳೆಸುತ್ತಾರೆ. ಮಗು ಅಂಬೆಗಾಲಿಡುವುದನ್ನು ಬಿಟ್ಟು ಎದ್ದು ನಿಂತ ದಿನ, ಅದರ ನಡುವಿಗೆ ಒಂದು ಹಗ್ಗ ಸುತ್ತಿ ಇನ್ನೊಂದು ತುದಿಯನ್ನು ತೊಲೆಗೆ ಬಿಗಿಯುತ್ತಾರೆ. ನಡುಹಗ್ಗ ಎಂದು ಅದರ ಹೆಸರು. ಹಗ್ಗ ಹೊಸ್ತಿಲ ತನಕ ಬರುತ್ತದೆ, ಅದರಾಚೆ ಬರುವುದಿಲ್ಲ. ಹೀಗೆ ಬೆಳೆದ ಗಂಡಸರನ್ನು ಹೆಂಗಸರನ್ನು ನೀವು ಸುಲಭವಾಗಿ ಗುರುತಿಸಬಹುದು. ಎಷ್ಟೇ ದೊಡ್ಡವರಾಗಲಿ, ಯಾರದೇ ಮನೆಯಿಂದ ಹೊರಬೀಳುವಾಗ ಹೊಸ್ತಿಲ ಬಳಿ ಒಂದು ಗಳಿಗೆ ನಿಲ್ಲುತ್ತಾರೆ, ಕೈ ತಾನಾಗಿಯೇ ನಡುವಿಗೆ ಹೋಗುತ್ತದೆ.

ಗಂಗಕ್ಕ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಶಿವಗಂಗವ್ವ ಎಂಬ ಪೂರ್ತಿ ಹೆಸರಿನಿಂದ ಅವಳನ್ನು ಕರೆದವರು ಕಡಿಮೆ. ನಮ್ಮ ಓಣಿಯಲ್ಲಿ ಶಾವಿಗೆ ಹೊಸೆಯುವುದರಲ್ಲಿ ಅವಳಂಥ ಕೈ ಇನ್ನೊಂದಿಲ್ಲ. ಕೂದಲಿನಷ್ಟು ಸಣ್ಣ ಎಳೆ, ಎಳೆದರೂ ಹರಿಯುವುದಿಲ್ಲ. ಅವಳ ಗಂಡ ದುಂಡಪ್ಪ ಭಾವ ಪುಂಡಿನಾರಿನ ಹಗ್ಗ ಹೊಸೆಯುವವರು. ಊರಿನ ಏಣಿಗಳ ಹಗ್ಗ, ಕೊಡದ ಹಗ್ಗ, ನಡುಹಗ್ಗ ಎಲ್ಲ ಅವರ ಅಂಗೈಯಿಂದಲೇ ಬಂದವು. ಮನೆಗಳು ಎತ್ತರದಲ್ಲಿ ಇರುವ ತನಕ ನಮಗೆ ಅನ್ನಕ್ಕೆ ಕೊರತೆಯಿಲ್ಲ ಎಂದು ಭಾವ ನಗೆಯಾಡುತ್ತಿದ್ದರು. ಗಂಗಕ್ಕ ಆ ಮಾತಿಗೆ ನಕ್ಕದ್ದನ್ನು ನಾನು ನೋಡಿಲ್ಲ.

ಮಾವನವರ ಕಾಲದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಆಗ ಗಂಗಕ್ಕನ ಮಗ ಅಡಿವೆಪ್ಪ ನಡೆಯಲು ಕಲಿತ. ಅವನ ನಡುವಿಗೆ ಹಗ್ಗ ಕಟ್ಟಿದವಳು ಅವಳೇ. ಹಗ್ಗ ಉಜ್ಜಿ ಉಜ್ಜಿ ಅವನ ಸೊಂಟದ ಸುತ್ತ ಕಪ್ಪನೆಯ ಗೆರೆ ಬಿತ್ತು, ಅದು ಇಂದಿಗೂ ಮಾಸಿಲ್ಲ. ಆ ಮನೆ ಕಡೆಗೂ ನಮಗೆ ದಕ್ಕಲಿಲ್ಲ. ಒಂದು ಗಾಳಿಯ ದಿನ ಬೇವಿನ ಮರ ದಾಟಿ ಹೋಯಿತು. ಪಾತ್ರೆಪಗಡೆ ಇಳಿಸಿಕೊಂಡು ನಾವು ಕೆಳಗೆ ನಿಂತು ನೋಡಿದೆವು. ಮಾವನವರು ಟೊಪ್ಪಿಗೆ ತೆಗೆದು ಮನೆಗೆ ಕೈಮುಗಿದರು. ಆಮೇಲೆ ಅಣ್ಣತಮ್ಮಂದಿರು ಬೇರೆಬೇರೆ ಮನೆ ಕೊಂಡರು. ನಮ್ಮದು ಒಂದೇ ಕೋಣೆಯ ಪುಟ್ಟ ಮನೆ, ಬೇಗ ನೆಲ ಕಂಡಿತು. ಗಂಗಕ್ಕನದು ದೊಡ್ಡದು, ನಿಧಾನಕ್ಕೆ ಇಳಿಯುತ್ತಿತ್ತು.

ಅಡಿವೆಪ್ಪನಿಗೆ ಮದುವೆಯಾಗಿ, ಸೊಸೆ ಸುವರ್ಣ ಹೆಣ್ಣುಕೂಸು ಹೆತ್ತಾಗ ಆ ಮನೆ ನಡುಮಟ್ಟಕ್ಕೆ ಬಂದಿತ್ತು. ಕೂಸಿಗೆ ನೀಲಿ ಎಂದು ಹೆಸರಿಟ್ಟರು. ತೊಟ್ಟಿಲಿಗೆ ಹಾಕಿದ ದಿನ ಗಂಗಕ್ಕ ಎಲ್ಲರ ಮುಂದೆ ಒಂದು ಮಾತು ಆಡಿದಳು. ಅವಳು ಮಾತು ಕಡಿಮೆಯವಳು, ಅದಕ್ಕೇ ಅದು ಎಲ್ಲರಿಗೂ ನೆನಪಿದೆ.

"ಈ ಕೂಸಿನ ನಡುವಿಗೆ ಹಗ್ಗ ಮುಟ್ಟಸಾಂಗಿಲ್ಲ. ಇದು ಹೆಜ್ಜಿ ಇಡೂದರೊಳಗ ಮನಿ ನೆಲಕ್ಕ ಬಂದಿರಬೇಕು."

ಭಾವ ಹಗ್ಗ ಹೊಸೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಲೆಕ್ಕ ಹಾಕಿದರೆ ಅದು ಆಗದ ಮಾತೇನೂ ಆಗಿರಲಿಲ್ಲ. ಇನ್ನೊಂದು ವರ್ಷದೊಳಗೆ ಕಂತು ಮುಗಿಯುವುದಿತ್ತು.

ಆದರೆ ಮನೆ ಇಳಿಯಲಿಲ್ಲ. ನೀಲಿ ಮಗುಚಿಕೊಂಡಳು, ಹೊಟ್ಟೆಯ ಮೇಲೆ ತೆವಳಿದಳು, ಒಲೆಯ ಬೂದಿಗೆ ಕೈಹಾಕಿದಳು, ಮನೆ ಮಾತ್ರ ನಡುಮಟ್ಟದಲ್ಲೇ ನಿಂತಿತ್ತು. ಒಂದು ತಿಂಗಳು ಚೂರು ಇಳಿದರೆ ಮರುತಿಂಗಳು ಗೇಣು ಏರುತ್ತಿತ್ತು. ಗಂಗಕ್ಕ ಬಾಗಿಲ ಮುಂದೆ ಇಟ್ಟ ಮೆಟ್ಟಿಲುಕಲ್ಲಿನ ಮೇಲೆ ಇನ್ನೊಂದು ಕಲ್ಲು ಹೇರಿದಳು. ಆ ದಿನಗಳಲ್ಲಿ ಎದುರುಮನೆಯ ತಿಪ್ಪವ್ವ ಒಮ್ಮೆ ಕಿಟಕಿಯಿಂದ ಕೂಗಿ, ನಿಮ್ಮ ಮನಿ ಗಾಳಿಗೆ ಶಾವಿಗಿ ಲಗೂನ ಒಣಗತಾವ ನೋಡ್ರಿ, ಎಂದಳು. ತಿಪ್ಪವ್ವನ ಮನೆಯಾದರೋ ನೆಲದಿಂದ ಮೇಲಲ್ಲ, ಕೆಳಗಿತ್ತು. ಸೊಂಟದುದ್ದ ಹುಗಿದುಹೋದ ಮನೆ. ಬಾಗಿಲಿಗೆ ಮೆಟ್ಟಿಲಿಳಿದು ಹೋಗಬೇಕು, ಕಿಟಕಿಯಿಂದ ಅವಳಿಗೆ ಕಾಣುವುದು ದಾರಿಹೋಕರ ಪಾದ ಮಾತ್ರ. ಗಂಗಕ್ಕ ಶಾವಿಗೆ ಹರವುತ್ತಲೇ, ನಿಮ್ಮ ಮನಿ ತಂಪು ನಮಗೆಲ್ಲಿ ಬರಬೇಕ್ರಿ ತಿಪ್ಪವ್ವಾರ, ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಗಂಗಕ್ಕನಿಗೆ ತನ್ನ ಮೇಲೆ ಅನುಮಾನವಿರಲಿಲ್ಲ. ಒಂದು ಕಂತನ್ನೂ ತಪ್ಪಿಸಿದವಳಲ್ಲ. ಅತ್ತೆ ಬದುಕಿದ್ದಾಗ ಹಾಕಿಕೊಟ್ಟ ಪದ್ಧತಿ: ಹುಣ್ಣಿಮೆಯ ದಿನ ಮಿಂದು ಮಡಿಯುಟ್ಟು ಊರ ಮಠದ ಅಜ್ಜನ ಗದ್ದಿಗೆಗೆ ಹೋಗಿ ಕಾಣಿಕೆ ಸಲ್ಲಿಸುವುದು, ಅದಾದ ಮೇಲೆಯೇ ಮನೆಯಿಂದ ಬೇರೆ ದುಡ್ಡು ಹೊರಡುವುದು. ಹಾಗಾಗಿ ಗಂಗಕ್ಕ ಗದ್ದಿಗೆಯಿಂದ ನೇರ ಕಂತಿನ ಕಚೇರಿಗೆ ಹೋಗುತ್ತಿದ್ದಳು. ಹಣೆಯ ವಿಭೂತಿ ಹಸಿಯಾಗಿಯೇ ಇರುತ್ತಿತ್ತು. ಕಟಕಟೆಯ ಮುಂದೆ ನಿಂತು, ದುಡ್ಡನ್ನು ಎರಡೂ ಕೈಯಿಂದ ಇಟ್ಟು, ನಮಸ್ಕಾರ ಮಾಡಿ, ಹಿಂದಕ್ಕೆ ನೋಡದೆ ಬರುತ್ತಿದ್ದಳು. ಕೊಟ್ಟದ್ದು ಎಲ್ಲಿ ಹೋಯಿತು ಎಂದು ಗದ್ದಿಗೆಯಲ್ಲಿ ಯಾರಾದರೂ ಕೇಳುತ್ತಾರೆಯೇ. ಹಾಗೆಯೇ ಇಲ್ಲಿಯೂ ಕೇಳುತ್ತಿರಲಿಲ್ಲ.

ನೀಲಿ ಗೋಡೆ ಹಿಡಿದು ಮಂಡಿ ಮೇಲೆ ಎದ್ದ ದಿನ ಗಂಗಕ್ಕ ನನ್ನ ಬಾಗಿಲಿಗೆ ಬಂದಳು. ಕಚೇರಿಗೆ ಹೋಗಿ ಬರೋಣ ನಡಿ ಎಂದಳು. ಕಂತು ಕಟ್ಟುವ ದಿನವಲ್ಲ, ಹುಣ್ಣಿಮೆಯೂ ಅಲ್ಲ, ಆದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಗುಮಾಸ್ತ ಫಕೀರಯ್ಯನವರು ಒಬ್ಬರೇ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅವರು ಒಳ್ಳೆಯ ಮನುಷ್ಯರು, ನಮ್ಮ ಮಾವನವರ ಮನೆ ಹಾರಿಹೋದಾಗ ಮೂರು ದಿನ ನಮಗೆ ಊಟ ಕಳಿಸಿದವರು. ಗಂಗಕ್ಕ ನಿಂತೇ ಕೇಳಿದಳು, ತಪ್ಪದೆ ಕಟ್ಟಿದರೂ ನಮ್ಮ ಮನೆ ಯಾಕೆ ಇಳಿಯುತ್ತಿಲ್ಲ ಎಂದು. ಫಕೀರಯ್ಯನವರು ಬಾಯಿಯ ಎಲೆ ಉಗುಳಿ ಬಂದು, ನಮ್ಮನ್ನು ಕೂಡಿಸಿ, ಬಹಳ ದಿನದಿಂದ ಆ ಪ್ರಶ್ನೆಗೇ ಕಾದಿದ್ದವರಂತೆ ಉಸಿರು ಬಿಟ್ಟರು.

"ಅಕ್ಕಾರ, ನೀವು ಕಂತು ತಪ್ಪಿಸಿಲ್ಲ, ಖರೆ. ಆದ್ರ ತಡಾ ಮಾಡೀರಿ."

"ಹುಣ್ಣಿವಿಗೆ ಹುಣ್ಣಿವಿ ತಂದು ಇಟ್ಟೇನಿ. ಅದರಾಗ ತಡಾ ಎಲ್ಲಿ ಬಂತ್ರಿ?"

"ಹುಣ್ಣಿವಿ ತನ್ನ ದಾರಿ ಹಿಡದು ತಿರಗತೈತಿ. ತಾರೀಖು ಇದ್ದಲ್ಲೇ ಕುಂತಿರತೈತಿ," ಎಂದರು ಫಕೀರಯ್ಯನವರು.

ಆಮೇಲೆ ಬಿಡಿಸಿ ಹೇಳಿದರು. ಕಂತು ಐದನೇ ತಾರೀಖಿನದು. ಯಾರಿಗಾದರೂ ಅಡಚಣೆ ಬರಬಹುದೆಂದು ಹದಿನೈದರ ತನಕ ಕಾಯುತ್ತಾರೆ. ಅದು ದಾಟಿತೋ, ದಂಡ ಬೀಳುತ್ತದೆ. ಹುಣ್ಣಿಮೆ ಒಮ್ಮೆ ಮೂರಕ್ಕೆ ಬರುತ್ತದೆ, ಒಮ್ಮೆ ಇಪ್ಪತ್ತಕ್ಕೆ ಬರುತ್ತದೆ. ಮೂರಕ್ಕೆ ಬಂದಾಗ ಗಂಗಕ್ಕನ ದುಡ್ಡು ಸರಿಯಾದ ವೇಳೆಗೆ ಮುಟ್ಟುತ್ತಿತ್ತು, ಇಪ್ಪತ್ತಕ್ಕೆ ಬಂದಾಗ ದಂಡಕ್ಕೆ ಸಿಕ್ಕುತ್ತಿತ್ತು. ಅಷ್ಟೇ ಆಗಿದ್ದರೆ ಒಂದೆರಡು ಗೇಣಿನ ಮಾತು. ಆದರೆ ಅಲ್ಲಿಂದ ಮುಂದಿನದನ್ನು ಅವರು ನಮಗೆ ತಿಳಿಯುವಂತೆ ಹೇಳಿದ್ದು ಹೀಗೆ:

"ದಾಸೋಹದಾಗ ಪಂಕ್ತಿ ಕೂಡಸ್ತಾರಲ್ರಿ, ಹಂಗ ಇಲ್ಲಿ. ನಿಮ್ಮ ರೊಕ್ಕ ಒಳಗ ಬಂದ ಕೂಡ್ಲೆ ಮೊದಲನೇ ಪಂಕ್ತ್ಯಾಗ ದಂಡ ಕುಂಡರತೈತಿ. ಅದು ಉಂಡು ಎದ್ದ ಮ್ಯಾಲೆ ಬಡ್ಡಿ. ಉಳದದ್ದು ಮನೀಗೆ. ಮನೀದು ಕಡೀ ಪಂಕ್ತಿ."

ಕೂಸು ಉಪಾಸ ಇರುವಾಗ ಬೀಗರು ಮೊದಲು ಉಂಡಂತಾಯಿತಲ್ಲ ಎಂದಳು ಗಂಗಕ್ಕ. ಹೌದು ಎಂದು ತಲೆಯಾಡಿಸಿ ಫಕೀರಯ್ಯನವರು ಇನ್ನೂ ಒಂದು ಸಂಗತಿ ತಿಳಿಸಿದರು. ದಂಡ ಮೊದಲು ಉಂಡದ್ದರಿಂದ ಮರುತಿಂಗಳ ಕಂತು, ವೇಳೆಗೆ ಸರಿಯಾಗಿ ಬಂದರೂ, ಅಷ್ಟರಮಟ್ಟಿಗೆ ಕಡಿಮೆ ಬೀಳುತ್ತಿತ್ತು. ಕಡಿಮೆ ಬಿದ್ದದ್ದಕ್ಕೆ ಮತ್ತೊಂದು ದಂಡ. ಆ ದಂಡಕ್ಕೆ ಇನ್ನೊಂದು ಮರಿ. ಮನೆ ತೂಗುಯ್ಯಾಲೆಯಾದದ್ದು ಹೀಗೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಸಿಟ್ಟಿನಿಂದ ಕೇಳಿದೆ. ಅವರು ನನ್ನ ಕಡೆ ನೋಡದೆ ಗಂಗಕ್ಕನಿಗೇ ಉತ್ತರ ಕೊಟ್ಟರು. ಮನೆ ಏರುವುದೇ ನೋಟೀಸು, ಬಾಯಲ್ಲಿ ಹೇಳುವ ಪದ್ಧತಿ ಇಲ್ಲಿಲ್ಲ. ಅಲ್ಲದೆ ನೀವು ಬಂದು ದೇವರಿಗೆ ಮಾಡಿದಂತೆ ನಮಸ್ಕಾರ ಮಾಡಿ ಹೋಗುತ್ತಿದ್ದಿರಿ, ಹಾಗೆ ಹೋಗುವವರನ್ನು ನಿಲ್ಲಿಸಿ ದಂಡದ ಮಾತಾಡಲು ನನಗೆ ಬಾಯಿ ಬರಲಿಲ್ಲ ಎಂದರು.

ಹೊರಡುವಾಗ ಅವರೇ ಒಂದು ದಾರಿ ತೋರಿಸಿದರು. ತಡವಾದದ್ದರ ದಂಡವನ್ನು ಕಟ್ಟಲೇಬೇಕು, ಅದಕ್ಕೆ ವಿನಾಯಿತಿಯಿಲ್ಲ. ಆದರೆ ದಂಡ ಹಾಕಿದ ಮರಿದಂಡ, ಅದು ಕಾನೂನಿನಲ್ಲಿ ಇಲ್ಲ. ಅಳಿಸಬಹುದು. ಅಳಿಸಬೇಕಾದರೆ ಮನೆಯವರು ಐದನೇ ತಾರೀಖಿನ ದಿನ ಸಾಲಿನಲ್ಲಿ ನಿಂತು, ಎಲ್ಲರ ಎದುರು, ತಮ್ಮ ಮನೆ ಎಷ್ಟು ಎತ್ತರದಲ್ಲಿದೆ, ಯಾಕೆ ಇದೆ ಎಂದು ಬಾಯಿಬಿಟ್ಟು ಹೇಳಿ ಕೇಳಬೇಕು. ಹಾಗೆ ಎಷ್ಟು ಮಂದಿ ಕೇಳಿದ್ದಾರೆ ಎಂದು ಗಂಗಕ್ಕ ವಿಚಾರಿಸಿದಳು. ನಾ ಈ ಕುರ್ಚಿಗೆ ಬಂದಾಗಿಂದ ಒಬ್ಬರೂ ಕೇಳಿಲ್ರಿ, ಎಂದರು ಫಕೀರಯ್ಯನವರು.

ಕೇಳುವುದಾದರೂ ಹೇಗೆ. ನಮ್ಮೂರಲ್ಲಿ ಮೈಮೇಲಿನ ಬಟ್ಟೆ ಕಳಚಿ ನಿಂತರೂ ಅಷ್ಟು ನಾಚಿಕೆಯಿಲ್ಲ. ಮನೆ ಹತ್ತಿರ ಬಂದಾಗ ಗಂಗಕ್ಕ, ಕಲ್ಲಿನ ಮೇಲೆ ಕಲ್ಲು ಹೇರಿದ್ದ ಮೆಟ್ಟಿಲನ್ನು ಹತ್ತದೆ, ನೇರ ಗದ್ದಿಗೆಗೆ ಹೋದಳು. ನಾನೂ ಹಿಂದೆ ಹೋದೆ. ಅಲ್ಲಿ ಅವಳು ಬೇಡಿಕೊಂಡದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳಬೇಕಾದ್ದೂ ಅಲ್ಲ. ಆದರೆ ಎದ್ದು ಬರುವಾಗ ನಂದಾದೀಪದ ಬತ್ತಿಯನ್ನು ಮುಂದೂಡಿ ಅವಳು ಹೇಳಿದ್ದು ನನಗೆ ನೆನಪಿದೆ. ಅಜ್ಜ ದಿನಾ ದೀಪಾ ಉರಸ್ಕೊಂಡು ಕುಂತಾನ, ಅವಗ ನಾ ಯಾವತ್ತ ಬಂದ್ರೂ ತಡಾ ಅಲ್ಲ, ಎಂದಳು. ಕಚೇರಿಗೆ ಗದ್ದಿಗೆಯ ಮರ್ಯಾದೆ ಕೊಟ್ಟದ್ದು ತನ್ನ ತಪ್ಪು ಎಂದೂ ಹೇಳಿದಳು. ಅಂದಿನಿಂದ ಹುಣ್ಣಿಮೆ ಅಜ್ಜನದಾಯಿತು, ಐದನೇ ತಾರೀಖು ಕಚೇರಿಯದಾಯಿತು.

ಭಾವನಿಗೆ ಇದೆಲ್ಲ ಸರಿಬರಲಿಲ್ಲ. ಹೆಂಡತಿ ಊರ ಮುಂದೆ ಬಾಯಿ ತೆರೆಯುವುದಕ್ಕಿಂತ ಬೇರೆ ಉಪಾಯ ಹುಡುಕುವುದೇ ಮೇಲು ಎಂದು ಅವರ ಲೆಕ್ಕ. ಗಂಗಕ್ಕನ ಬೋರಮಾಳ ಸರವನ್ನು ಮಾರಿ, ಉಳಿದ ಸಾಲವನ್ನು ಒಮ್ಮೆಲೇ ಕಟ್ಟಿ ಕೈತೊಳೆದುಕೊಂಡುಬಿಡೋಣ ಎಂದರು. ಗಂಗಕ್ಕ ಸರದ ಮೇಲೆ ಕೈಯಿಟ್ಟು ಯೋಚಿಸುತ್ತ ಕೂತಳು. ಅವಳ ಆಸೆಯಿದ್ದದ್ದು ಮನೆಯ ಮೇಲೆ, ಬಂಗಾರದ ಮೇಲಲ್ಲ. ಕೊಡಲು ಮನಸ್ಸು ಮಾಡಿಯೂ ಇದ್ದಳು. ಈ ಸುದ್ದಿ ತಿಪ್ಪವ್ವನಿಗೆ ಹೇಗೆ ಮುಟ್ಟಿತೋ, ಅವಳು ತನ್ನ ಮೆಟ್ಟಿಲು ಹತ್ತಿ, ಇವರ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಒಳಗೆ ಬಂದು ಕೂತಳು. ನೀರು ಕುಡಿದ ಮೇಲೆ ಮಾತಾಡಿದಳು.

"ಬ್ಯಾಡ ಗಂಗವ್ವಾ. ನಮ್ಮವರೂ ಹಂಗ ಮಾಡಿದ್ರು. ನಾಲ್ಕ ಮಂದಿ ನೋಡ್ಲಿ ಅಂತ ಬ್ಯಾಂಡ್ ಬಾರಿಸ್ಕೊಂಡು ಹೋಗಿ ಒಮ್ಮೆಲೆ ಕಟ್ಟಿದ್ರು. ಮುಂದ ಬರೂ ಬಡ್ಡಿ ನಮಗ ತಪ್ಪತಲ್ಲ ಅಂತ ಕಚೇರಿಯವರು ಅದಕ್ಕೂ ಒಂದು ದಂಡ ಹಚ್ಚಿದ್ರು. ಆ ದಂಡದಷ್ಟ ಮನಿ ನೆಲದೊಳಗ ಇಳೀತು. ಮೂವತ್ತ ವರ್ಷಾತು, ನಾ ಮಂದಿ ಮಾರಿ ನೋಡಿಲ್ಲ, ಬರೇ ಹಿಮ್ಮಡ ನೋಡೇನಿ."

ಹೇಳಿ ಮುಗಿಸಿ ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಗಾಳಿಯ ಮಾತಾಡಿ ಚುಚ್ಚುತ್ತಿದ್ದ ಹೆಂಗಸು ಇವಳೇ ಎಂದು ನನಗೆ ನಂಬಿಕೆ ಬರಲಿಲ್ಲ. ಗಂಗಕ್ಕ ಅವಳಿಗೆ ಒಂದು ಹಿಡಿ ಶಾವಿಗೆ ಕಟ್ಟಿಕೊಟ್ಟಳು. ಬೋರಮಾಳ ಕೊರಳಲ್ಲೇ ಉಳಿಯಿತು.

ಐದನೇ ತಾರೀಖು ಬಂತು. ಕಚೇರಿಯ ಮುಂದೆ ಸಾಲು ಬೇವಿನ ಮರದ ತನಕ ಇತ್ತು. ನಮ್ಮೂರ ಸಾಲಿನಲ್ಲಿ ಯಾರೂ ಮಾತಾಡುವುದಿಲ್ಲ. ಎಲ್ಲರೂ ಮುಂದಿನವರ ಬೆನ್ನು ನೋಡುತ್ತ ನಿಲ್ಲುತ್ತಾರೆ, ಕೊಡುವುದನ್ನು ಕೊಟ್ಟು ಕಳ್ಳರಂತೆ ಹೊರಬೀಳುತ್ತಾರೆ. ಗಂಗಕ್ಕ ಹಸಿರು ಇಳಕಲ್ ಸೀರೆ ಉಟ್ಟು, ಬೋರಮಾಳ ಹಾಕಿಕೊಂಡು ಬಂದಿದ್ದಳು. ಮದುವೆಗೆ ಹೋಗುವವಳಂತೆ. ಅವಳ ಸರದಿ ಬಂದಾಗ ದುಡ್ಡನ್ನು ಎರಡು ಗಂಟಾಗಿ ಕಟಕಟೆಯ ಮೇಲೆ ಇಟ್ಟಳು. ಈ ಸಲ ನಮಸ್ಕಾರ ಮಾಡಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಮಗ್ಗುಲ ಓಣಿಗೂ ಕೇಳುವ ದನಿಯಲ್ಲಿ ಹೇಳಿದಳು:

"ನಾ ದುಂಡಪ್ಪನ ಹೇಣ್ತಿ ಶಿವಗಂಗವ್ವ. ನನ್ನ ಮನಿ ನೆಲಾ ಬಿಟ್ಟು ನಡುಮಟ್ಟ ಮ್ಯಾಲೈತಿ. ತಡಾ ಮಾಡೇನಿ, ಅದರ ದಂಡ ಈ ಗಂಟಿನಾಗ ಐತಿ. ಈ ತಿಂಗಳ ಕಂತು ಈ ಗಂಟಿನಾಗ ಐತಿ, ಇದು ಮನೀಗೆ, ಬ್ಯಾರೆ ಯಾರೂ ಉಣ್ಣಾಂಗಿಲ್ಲ. ಇನ್ನ ದಂಡದ ಮ್ಯಾಲೆ ದಂಡ ಹಾಕೀರಲ್ಲ, ಅದು ನಿಮ್ಮ ಕಾನೂನಿನಾಗ ಇಲ್ಲ. ಅದನ್ನ ತಗೀರಿ."

ಸಾಲಿನವರೆಲ್ಲ ಮುಂದಿನವರ ಬೆನ್ನು ಬಿಟ್ಟು ಅವಳನ್ನು ನೋಡಿದರು. ಯಾರೋ ಕೆಮ್ಮಿದರು. ನನಗೆ ನೆಲ ಬಿರಿದರೆ ಸಾಕೆನಿಸಿತ್ತು. ಅವಳು ಮಾತ್ರ ಎರಡು ಗಂಟಿನ ಮೇಲೆ ಎರಡು ಕೈ ಊರಿ, ಉತ್ತರ ಬರುವ ತನಕ ಕದಲುವುದಿಲ್ಲ ಎಂಬಂತೆ ನಿಂತಿದ್ದಳು. ಫಕೀರಯ್ಯನವರು ಎದ್ದು ನಿಂತರು. ಅವರು ಕಟಕಟೆಯ ಹಿಂದೆ ಎದ್ದು ನಿಂತದ್ದನ್ನು ಊರು ಅಂದು ಮೊದಲ ಸಲ ನೋಡಿತು. ಕೇಳೀರಿ, ತಗದೀನ್ರಿ ಅಕ್ಕಾರ, ಎಂದರು.

ನಾವು ತಿರುಗಿ ಹೊರಟಾಗ ನಮ್ಮ ಹಿಂದೆ ನಿಂತಿದ್ದ ಒಬ್ಬ ಮುದುಕ, ಮನೆ ಆಳೆತ್ತರದಲ್ಲೇ ನಿಂತು ಏಣಿ ಹತ್ತಲಾರದೆ ಕೆಳಗೇ ಹಾಸಿಕೊಂಡು ಮಲಗುತ್ತಿದ್ದವನು, ಕಟಕಟೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ನಂದು ಆಳೆತ್ತರ ಐತ್ರಿ ಎಂದ. ಅವನ ಹಿಂದಿನವಳು, ನಮ್ಮದು ಎದಿಮಟ್ಟ, ಎಂದಳು. ಆಮೇಲೆ ಆ ಸಾಲಿನಲ್ಲಿ ಎಷ್ಟು ಗದ್ದಲವೆಂದರೆ ದಾರಿಯ ಎತ್ತುಗಳು ನಿಂತು ನೋಡಿದವು. ಆವತ್ತು ನಾನು ನನ್ನ ನೆಗೆಣ್ಣಿಯ ಪಕ್ಕ ನಡೆದುಬಂದದ್ದನ್ನು ಈಗ ನೆನೆದರೂ ನನ್ನ ಕತ್ತು ತಾನಾಗಿ ನೆಟ್ಟಗಾಗುತ್ತದೆ. ತಲೆ ತಗ್ಗಿಸುವುದನ್ನೇ ಮರೆತು ಯಾರದೋ ಮನೆಯ ತಳಕ್ಕೆ ಹಣೆ ಹೊಡೆಸಿಕೊಂಡೆ. ನೋಯಲಿಲ್ಲ.

ಅಂದು ಸಂಜೆಯೊಳಗೆ ಗಂಗಕ್ಕನ ಮನೆ ಮೊಣಕಾಲ ಮಟ್ಟಕ್ಕೆ ಇಳಿಯಿತು. ಆಮೇಲೆ ತಿಂಗಳು ತಿಂಗಳಿಗೆ ಐದನೇ ತಾರೀಖು ಅವಳು ಸಾಲಿನಲ್ಲಿರುತ್ತಿದ್ದಳು. ಶಾವಿಗೆ ಮಾರಿ ನಾಲ್ಕು ಕಾಸು ಉಳಿದರೆ ಅದನ್ನೂ ತಂದು, ಇದು ಅಸಲಿಗೆ ಎಂದು ಕೂಗಿ ಹೇಳಿ ಇಡುತ್ತಿದ್ದಳು. ಇಷ್ಟಿಷ್ಟು ಹೆಚ್ಚು ಕಟ್ಟುವುದಕ್ಕೆ ದಂಡವಿಲ್ಲವೆಂದೂ, ಪೂರಾ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಮಾತ್ರ ದಂಡವೆಂದೂ ಕೇಳಿ ತಿಳಿದುಕೊಂಡಿದ್ದಳು. ಕಲ್ಲುಗಳು ಒಂದೊಂದೇ ಬಾಗಿಲ ಮುಂದಿನಿಂದ ಹಿತ್ತಲಿಗೆ ಹೋದವು. ಇತ್ತ ನೀಲಿಯೂ ಸುಮ್ಮನಿರಲಿಲ್ಲ. ಗೋಡೆ ಹಿಡಿದು ನಿಂತಳು, ಗೋಡೆ ಬಿಟ್ಟು ನಿಂತಳು. ಓಣಿಯವರೆಲ್ಲ ಕೂಸು ಮೊದಲೋ ಮನೆ ಮೊದಲೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ.

ಕೊನೆಯ ಕಂತಿಗೆ ಕೆಲವೇ ದಿನ ಇರುವಾಗ ಕೂಸು ಗೆದ್ದಿತು. ಮನೆ ಇನ್ನೂ ಗೇಣಿನ ಮೇಲಿತ್ತು, ಕೆಳಗೆ ಗಾಲಿಯ ಅಂಚು ಮತ್ತು ಚೂಪುಗಲ್ಲು. ನೀಲಿ ಒಲೆಕಟ್ಟೆಯಿಂದ ನಡುಮನೆಗೆ ಹೆಜ್ಜೆಯಿಟ್ಟು ಬಂದು, ಕೈ ತಟ್ಟಿಕೊಂಡು, ಬೆಳಕು ಬರುವ ಬಾಗಿಲ ಕಡೆ ಹೊರಟಳು. ಸುವರ್ಣ ಓಡಿಹೋಗಿ ಎತ್ತಿಕೊಂಡಳು. ಕಂತನ್ನು ಆವತ್ತೇ ಕಟ್ಟಿಬಿಟ್ಟರೆ ಆಗದೇ ಎಂದು ಅಡಿವೆಪ್ಪ ಕೇಳಿದ. ಕೊನೆಯದನ್ನು ಅದರ ದಿನಕ್ಕೆ ಮುಂಚೆ ಕಟ್ಟಿದರೆ ಮನೆ ತಿಪ್ಪವ್ವನ ಮನೆಯ ದಾರಿ ಹಿಡಿಯುತ್ತದೆ ಎಂದು ಅವನ ತಾಯಿ ತಿಳಿಹೇಳಿದಳು. ಆಗ ದುಂಡಪ್ಪ ಭಾವ ಅಟ್ಟದಿಂದ ಏನನ್ನೋ ಇಳಿಸಿ ತಂದು ಎಲ್ಲರ ನಡುವೆ ಇಟ್ಟರು. ಒಂದು ಹಗ್ಗ. ಪುಂಡಿನಾರಿನದಲ್ಲ, ಹಳೆಯ ಸೀರೆಗಳನ್ನು ಹರಿದು ಹೆಣೆದದ್ದು, ಬೆಣ್ಣೆಯಷ್ಟು ಮೆತ್ತಗೆ. ಯಾವಾಗ ಹೊಸೆದಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಗೆರೀ ಬೀಳಾಂಗಿಲ್ಲ ಇದರಿಂದ, ನಾಲ್ಕ ದಿನದ ಮಾತು, ಎಂದರು. ಅವರ ದನಿ ಬಹಳ ಸಣ್ಣದಾಗಿತ್ತು.

ಗಂಗಕ್ಕ ಹಗ್ಗವನ್ನು ಎತ್ತಿಕೊಂಡು ಕೆನ್ನೆಗೆ ಒತ್ತಿ ನೋಡಿದಳು. ಇಂಥಾದ್ದ ಅಡಿವೆಪ್ಪಗ ಯಾಕ ಹೊಸೀಲಿಲ್ಲ ಎಂದಷ್ಟೇ ಕೇಳಿ, ಹೊರಗೆ ಹೋಗಿ ಅದನ್ನು ಎರಡು ಕಂಬದ ನಡುವೆ ಬಿಗಿದು ಅದರ ಮೇಲೆ ಹಸಿ ಶಾವಿಗೆ ಹರವಿದಳು. ಆಮೇಲೆ ಬಂದು ಹೊಸ್ತಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ, ಹೊರಗೆ ಕಾಲು ಚಾಚಿ ಕೂತಳು. ನೀಲಿ ಬಂದು ಅಜ್ಜಿಯ ಬೆನ್ನಿಗೆ ತಾಗಿ ನಿಂತಳು, ಬೆನ್ನಿಗೆ ಎರಡು ಬಡಿದು, ತಿರುಗಿ ಒಳಗೆ ಹೋದಳು.

ಹೀಗೆ ಆ ದಿನಗಳು ಕಳೆದವು. ಗಂಗಕ್ಕ ಎದ್ದರೆ ನಾನು ಕೂರುತ್ತಿದ್ದೆ. ನಾನು ಎದ್ದರೆ ಸುವರ್ಣ. ಮರುದಿನದಿಂದ ಓಣಿಯ ಹೆಂಗಸರು ತಮ್ಮ ಅಕ್ಕಿ, ತಮ್ಮ ಸೊಪ್ಪು ಹಿಡಿದುಕೊಂಡು ಬಂದು, ಯಾರೂ ಕರೆಯದೆಯೇ, ಸರದಿಯಂತೆ ಆ ಹೊಸ್ತಿಲ ಮೇಲೆ ಕೂತು ಆರಿಸತೊಡಗಿದರು. ತಿಪ್ಪವ್ವ ಬಂದರೆ ಬೇಗ ಏಳುತ್ತಿರಲಿಲ್ಲ. ಅಲ್ಲಿ ಕೂತು ದಾರಿಯಲ್ಲಿ ಹೋಗುವವರ ಮುಖಗಳನ್ನು ಕಣ್ಣುತುಂಬ ನೋಡುತ್ತಿದ್ದಳು. ನೀಲಿಗೆ ಅವಳ ಅಗಲವಾದ ಬೆನ್ನೆಂದರೆ ಬಹಳ ಇಷ್ಟ.

ಐದನೇ ತಾರೀಖು ಬೆಳಿಗ್ಗೆ ಗಂಗಕ್ಕ, ಭಾವ, ಅಡಿವೆಪ್ಪ ಮೂವರೂ ಕಚೇರಿಗೆ ಹೋದರು. ಹೊಸ್ತಿಲ ಮೇಲೆ ನಾನು ಮತ್ತು ತಿಪ್ಪವ್ವ ಕೂತಿದ್ದೆವು. ನಮ್ಮ ಬೆನ್ನ ಹಿಂದೆ ಕೂಸು ಏನೋ ಗುನುಗುತ್ತಿತ್ತು. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಗಾಲಿಗಳು ಮಣ್ಣಿನಲ್ಲಿ ಹುದುಗಿ, ಮನೆ ಒಮ್ಮೆ ಉಸಿರು ಬಿಟ್ಟ ಹಾಗಾಯಿತು. ದೇವರ ಜಗಲಿಯ ಗಂಟೆ ಸಣ್ಣಗೆ ಅಲುಗಿತು. ಹೊರಗೆ ಚಾಚಿದ್ದ ನಮ್ಮ ಕಾಲುಗಳ ಅಡಿಗೆ ತಣ್ಣಗೆ ಮಣ್ಣು ತಗುಲಿತು. ತಿಪ್ಪವ್ವ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಅಲ್ಲಾಡದೆ ಕೂತೆವು. ಎದ್ದು ದಾರಿ ಬಿಡುವ ಹಕ್ಕು ನಮ್ಮದಲ್ಲ.

ಗಂಗಕ್ಕ ಓಣಿಯ ತಿರುವಿನಲ್ಲಿ ಕಾಣಿಸಿದಳು. ಮನೆ ನೋಡಿದಳು, ಆದರೆ ಅವಳ ನಡಿಗೆ ಬಿರುಸಾಗಲಿಲ್ಲ. ಮೊದಲು ಹಿತ್ತಲಿಗೆ ಹೋಗಿ ಮೊರ ಸರಿಸಿ ನಂಬರಿನ ತಗಡನ್ನು ಕಿತ್ತು ಗಂಡನ ಕೈಗೆ ಕೊಟ್ಟಳು. ಬಂಡಿ ಮನೆಯಾಯಿತು. ನಮ್ಮಲ್ಲಿ ಮನೆ ನೆಲ ಮುಟ್ಟಿದ ದಿನ ಹಿರಿಯ ಹೆಂಗಸು ಅಂಗಳದ ಮಣ್ಣನ್ನು ಹೊಸ್ತಿಲಿಗೆ ಹಚ್ಚುವ ಪದ್ಧತಿ. ಅವಳು ಮುಂದೆ ಬಂದು ಬಗ್ಗಿ ಮಣ್ಣು ತೆಗೆದುಕೊಂಡು, ಹೊಸ್ತಿಲಿಗೆ ಹಚ್ಚಿ, ಹಣೆಗೆ ಮುಟ್ಟಿಸಿಕೊಂಡಳು. ಆಮೇಲೆ ನಮಗೆ ಹೇಳಿದಳು, ಇನ್ನ ಸರೀರಿ.

ನಾವು ಎದ್ದು ಆಚೀಚೆ ಸರಿದೆವು. ಬಾಗಿಲು ತೆರವಾಯಿತು. ನೀಲಿ ಒಳಗಿನಿಂದ ಬೆಳಕಿನ ಕಡೆ ಹೆಜ್ಜೆಹಾಕುತ್ತ ಬಂದಳು. ಹೊಸ್ತಿಲ ಹತ್ತಿರ ಬಂದಾಗ, ಅಂಗಳದಲ್ಲಿ ನಿಂತಿದ್ದ ಅಡಿವೆಪ್ಪನ ಕೈ ತಾನಾಗಿ ಅವನ ನಡುವಿಗೆ ಹೋಯಿತು. ನನ್ನ ಕೈಯೂ ಹೋಯಿತು, ನಾನೂ ಎತ್ತರದ ಮನೆಯಲ್ಲಿ ಬೆಳೆದವಳು. ಅಲ್ಲಿದ್ದ ನಾವೆಲ್ಲರೂ ಕೂಸು ಅಲ್ಲಿ ನಿಲ್ಲುತ್ತದೆ ಎಂದೇ ಕಾದೆವು.

ಅವಳು ನಿಲ್ಲಲಿಲ್ಲ. ಹೊಸ್ತಿಲು ಎಂಬುದೊಂದು ಇದೆಯೆಂದೇ ತಿಳಿಯದವಳಂತೆ ದಾಟಿ, ಅಂಗಳದಲ್ಲಿ ಮೂರು ಹೆಜ್ಜೆ ನಡೆದು, ಶಾವಿಗೆಯ ಹಗ್ಗದ ಕೆಳಗೆ ಕುಕ್ಕರಿಸಿದಳು. ಸುತ್ತ ನೋಡಿ, ಹಿಡಿ ತುಂಬ ಮಣ್ಣು ಬಾಚಿ ಬಾಯಿಗೆ ಹಾಕಿಕೊಂಡಳು. ಸುವರ್ಣ ತೆಗೆಯಲೆಂದು ಮುಂದೆ ಧಾವಿಸಿದಳು. ಗಂಗಕ್ಕ ಸೊಸೆಯ ತೋಳು ಹಿಡಿದು ನಿಲ್ಲಿಸಿದಳು.

"ತಿನ್ಲಿ ಬಿಡ," ಎಂದಳು. "ನಮ್ಮದ ಮಣ್ಣು."